ಬಾನೆಟ್ಟಿನ ಆಚೆ ಕುಳಿತವನು

ಸೋಮವಾರ ಬೆಳಗಿನ ಹನ್ನೊಂದು ಗಂಟೆಗೆ ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರಿನ ತಿರುವಿನಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು.

ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅದರ ಹಿಂದೆ ಎರಡು ಬಸ್ಸು, ಕಬ್ಬು ಹೇರಿದ ಟ್ರ್ಯಾಕ್ಟರು, ಹತ್ತಾರು ಬೈಕು. ಎಲ್ಲರೂ ಹಾರ್ನ್ ಬಾರಿಸುವವರೇ. ಕೊನೆಗೆ ಚಹಾದಂಗಡಿಯವನೊಬ್ಬ ನಲವತ್ತು ಹೆಜ್ಜೆ ಆಚೆಯಿದ್ದ ಚಂದಪ್ಪನ ಗ್ಯಾರೇಜಿನ ಕಡೆ ಮುಖಮಾಡಿ ಅಮೃತಳನ್ನು ಕೂಗಿದ.

ಅಮೃತ ಕೈ ಒರೆಸಿಕೊಳ್ಳುತ್ತ ಬಂದಳು. ಮೂವತ್ತರ ಹತ್ತಿರದ ಹೆಣ್ಣುಮಗಳು. ಚೂಡಿದಾರದ ಮೇಲೆ ಅಪ್ಪ ಚಂದಪ್ಪನ ಹಳೆಯ ಖಾಕಿ ಅಂಗಿ ತೊಟ್ಟಿದ್ದಳು. ಡ್ರೈವರ್ ಯಾರೆಂದು ನೋಡಲಿಲ್ಲ. ಗಾಡಿಯನ್ನು ನೋಡಿದಳು, ರೋಗ ತಿಳಿಯಿತು. ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಹಿಡಿಕೆ ಇರುವ ಹಳೆಯ ಮಾದರಿ. ಸವೆದುಹೋದರೆ ಒಮ್ಮೆಗೇ ಎರಡು ಗೇರಿಗೆ ಬಿದ್ದು ಸಿಕ್ಕಿಕೊಳ್ಳುತ್ತದೆ.

"ಕ್ಲಚ್ ಒತ್ತಿ ಹಿಡೀರಿ," ಎಂದು ಬಾನೆಟ್ ಎತ್ತಿ, ಒಳಗೆ ಕೈ ಹಾಕಿ, ಕೆಳಗಿದ್ದ ಎರಡು ಸಣ್ಣ ಸರಳುಗಳಲ್ಲಿ ಒಂದನ್ನು ಹಿಂದಕ್ಕೆ ಎಳೆದಳು.

ಟಕ್ ಎಂದು ಬಿಟ್ಟುಕೊಂಡಿತು.

"ಎರಡನೇ ಗೇರಿನ್ಯಾಗೇ ಗ್ಯಾರೇಜಿಗೆ ಬರ್ರಿ. ನಡುವ ಬದಲಿ ಮಾಡಬ್ಯಾಡ್ರಿ."

ಬಾನೆಟ್ ಇಳಿಸಿದಳು. ಗಾಜಿನ ಆಚೆ ಕುಳಿತಿದ್ದವನ ಮುಖ ಆಗ ಕಂಡಿತು.

ಅಮೃತಳ ಕೈ ಬಾನೆಟ್ಟಿನ ಮೇಲೇ ಉಳಿಯಿತು.

'ಇವನಾ...?'

ಅವನೂ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಹಿಂದಿನ ಬಸ್ಸಿನವನು ಮತ್ತೆ ಹಾರ್ನ್ ಬಾರಿಸಿದ. ಅಮೃತ ತಿರುಗಿ ಬಿರಬಿರನೆ ನಡೆದುಬಿಟ್ಟಳು.

ಅವನ ಹೆಸರು ಕಲ್ಯಾಣಕುಮಾರ. ಜೇವರ್ಗಿ ತಾಲೂಕಿನ ಕೊಳಕೂರಿನವನು, ಹೊಲ ಅಳೆಯುವ ಸರ್ವೇಯರ್. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ತಾಯಿ ನಿಂಬೆವ್ವನ ಜೊತೆ ಅಮೃತಳನ್ನು ನೋಡಲು ಬಂದಿದ್ದ.

ಹಿರಿಯರು ಕೆಳಗೆ ಮಾತಾಡುತ್ತಿದ್ದಾಗ ಇವರಿಬ್ಬರಿಗೂ ಮಾಳಿಗೆಯ ಮೇಲೆ ಹತ್ತು ನಿಮಿಷ ಸಿಕ್ಕಿತ್ತು. ಅವಳು ಏನನ್ನೂ ಮುಚ್ಚಿಡಲಿಲ್ಲ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಗ್ಯಾರೇಜ್ ನಡೆಸುತ್ತಿರುವುದು ತಾನೇ ಎಂದಳು. ಬೇರೆ ಹುಡುಗರಾಗಿದ್ದರೆ ಮದುವೆಯಾದ ಮೇಲೂ ಇದೇ ಮಾಡುತ್ತೀಯೇನು ಎಂದು ಕೇಳುತ್ತಿದ್ದರು. ಇವನು ಕೇಳಿದ್ದೇ ಬೇರೆ. ಬೇರಿಂಗ್ ಹೋಗಿದೆಯೆಂದು ಬರೀ ಸಪ್ಪಳದ ಮೇಲೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದ. ಅವಳು ಬಾಯಿಂದಲೇ ಆ ಸಪ್ಪಳ ಮಾಡಿ ತೋರಿಸಿದ್ದಳು. ಇಬ್ಬರೂ ನಕ್ಕಿದ್ದರು.

ಅಷ್ಟೇ. ಅಷ್ಟಕ್ಕೇ ಅವಳ ಮನಸ್ಸು ಒಪ್ಪಿಬಿಟ್ಟಿತ್ತು.

ಎಂಟು ದಿನದ ಮೇಲೆ ಅಪ್ಪ ತಲೆ ತಗ್ಗಿಸಿ ಹೇಳಿದ್ದ, ಆ ಕಡೆಯವರು ಒಲ್ಲೆ ಅಂದರಂತೆ. ಗ್ರೀಸಿನಲ್ಲಿ ಕೈಯಾಡಿಸುವ ಹುಡುಗಿ ತಮ್ಮ ಮನೆಗೆ ಬೇಡವಂತೆ.

ಅಮೃತ ಒಂದು ಮಧ್ಯಾಹ್ನ ಬಚ್ಚಲಮನೆಯಲ್ಲಿ ಕೂತು ಅತ್ತಳು. ಮರುದಿನ ಒಂದು ಟೆಂಪೋದ ಬ್ರೇಕ್ ಬಿಚ್ಚಿದಳು. ಆಮೇಲೆ ಬಂದ ಎರಡು ಸಂಬಂಧಗಳಿಗೆ ತಾನೇ ಬೇಡ ಅಂದಳು.

ಈಗ ಅವನೇ ಗಾಡಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದ.

'ನನ್ನ ಕೈಗೆ ಗ್ರೀಸ್ ಅಂತ ಬ್ಯಾಡ ಅಂದಾವ, ಈಗ ಅದೇ ಕೈಗೆ ಕೆಲಸ ತಂದಾನ...'

ಆದರೆ ಬಂದ ಗಿರಾಕಿಯನ್ನು ಹಾಗೆ ಕಳಿಸುವ ರೂಢಿ ಆ ಗ್ಯಾರೇಜಿನಲ್ಲಿ ಇರಲಿಲ್ಲ. ಏನಾಗಿದೆ ಎಂದು ಕೇಳಿದಳು. ಅವನು ನಿಂತುಕೊಂಡೇ ಹೇಳಿದ. ಅದು ತೀರಿಹೋದ ಅವನ ಅಪ್ಪನ ಗಾಡಿ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು ಅವರು. ತಂಗಿ ಸೀಮಾನ ಮದುವೆ ಬರುವ ಐತವಾರ. ಗಂಡನ ಮನೆಗೆ ಹೋಗುವುದಾದರೆ ಅಪ್ಪನ ಗಾಡಿಯಲ್ಲೇ ಎಂದು ಅವಳು ಹಟ ಹಿಡಿದಿದ್ದಾಳೆ. ಜೇವರ್ಗಿಯಲ್ಲಿ ಮೂರು ಮಂದಿಗೆ ತೋರಿಸಿದ್ದಾಯಿತು. ಮೂವರೂ ಹಳೆಯದನ್ನು ಕಿತ್ತುಹಾಕಿ ಬೇರೆ ಗಾಡಿಯ ಗೇರ್ ಕೂಡಿಸೋಣ ಎಂದರು. ಅವನಿಗೆ ಮನಸ್ಸು ಬರಲಿಲ್ಲ. ಈ ಕೆಲಸ ಬಲ್ಲವನು ಅಫಜಲಪುರದ ಚಂದಪ್ಪ ಒಬ್ಬನೇ ಎಂದು ಯಾರೋ ಹೇಳಿದರು.

"ಬರಲೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ," ಎಂದ ಕೊನೆಗೆ.

ಅಮೃತ ಬಾನೆಟ್ ಎತ್ತಿದಳು.

ಬೆಂಚಿನ ಮೇಲೆ ಕೂತಿದ್ದ ಚಂದಪ್ಪ ಬಂದವನನ್ನು ನೋಡಿದ್ದೇ ಮುಖ ಬಿಳಿಚಿಕೊಂಡ. ನಮಸ್ಕಾರ ಅಂದರೆ ಹೂಂ ಅಂದ, ಅಷ್ಟೇ. ಕಲ್ಯಾಣ ನೀರು ಕುಡಿಯಲು ಹೋದಾಗ ಮಗಳನ್ನು ಹತ್ತಿರ ಕರೆದು, ಈ ಕೆಲಸ ನಮಗೆ ಬೇಡ, ಕಲಬುರಗಿಗೆ ಒಯ್ಯಲಿ ಎಂದ.

"ಯಾಕ?"

"ಬುಷ್ ಸಿಗಂಗಿಲ್ಲ. ಕಿರಿಕಿರಿ ಕೆಲಸದು."

ಕಿರಿಕಿರಿ ಕೆಲಸವೆಂದರೆ ಅಪ್ಪನಿಗೆ ಹಬ್ಬ. ಇವತ್ತೇಕೆ ಹೀಗೆ ಎಂದು ಅವಳಿಗೆ ವಿಚಿತ್ರವೆನಿಸಿತು. ತನ್ನ ಮನಸ್ಸು ನೋಯದಿರಲಿ ಎಂದು ಹೀಗೆ ಹೇಳುತ್ತಿರಬೇಕು ಅಂದುಕೊಂಡಳು. ಅಪ್ಪನ ಮೇಲೆ ಇನ್ನಷ್ಟು ಪ್ರೀತಿ ಬಂತು.

ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ತೆಗೆದಳು. ಗೇರಿನ ಹಿಡಿಕೆಯಿಂದ ಒಂದು ಉದ್ದನೆಯ ಸರಳು ಸ್ಟೇರಿಂಗ್ ಕಂಬದ ಜೊತೆಗೇ ಇಂಜಿನ್ ಕಡೆಗೆ ಇಳಿಯುತ್ತದೆ. ಅದರ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ಒಂದು ನೈಲಾನ್ ಬಳೆ. ಅದೇ ಬುಷ್. ಅದರ ಬೆನ್ನಿಗೆ ಒಂದು ಗಟ್ಟಿ ಸ್ಪ್ರಿಂಗು, ಎರಡನ್ನೂ ಹಿಡಿದಿಡಲು ಒಂದು ಪಿನ್ನು. ನಲವತ್ತು ವರ್ಷ ತಿರುಗಿ ತಿರುಗಿ ಬುಷ್ ಒಂದು ಕಡೆ ಚಂದ್ರನ ಚೂರಿನಂತೆ ಸವೆದಿತ್ತು.

ಹೊಸದು ಎಲ್ಲೂ ಸಿಗುವುದಿಲ್ಲ. ಮಾಡಿಸಬೇಕು. ಮಾಡುವವರು ಒಬ್ಬರೇ, ಆಳಂದದಲ್ಲಿ ಲೇಥ್ ಇಟ್ಟುಕೊಂಡಿರುವ ಮಸೂದ ಕಾಕಾ, ಅಪ್ಪನ ಜೊತೆ ಕೆಲಸ ಕಲಿತವರು. ನಾಳೆ ಹನ್ನೊಂದಕ್ಕೆ ಅಲ್ಲಿಗೆ ಬರಬೇಕೆಂದು ಕಲ್ಯಾಣನಿಗೆ ಹೇಳಿದಳು. ಗಾಡಿ ಇಲ್ಲೇ ಬಿಟ್ಟು ಅವನು ಬಸ್ಸಿಗೆ ಹೋದ.

ಮರುದಿನ ಅವಳು ಆಳಂದ ತಲುಪಿದಾಗ ಅವನು ಆಗಲೇ ಬಂದು ಲೇಥಿನ ಮುಂದೆ ಕುಳಿತಿದ್ದ. ಮಸೂದ ಕಾಕಾ ಸವೆದ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿದರು. ಸವೆದದ್ದನ್ನು ಅಳೆದು ಪ್ರಯೋಜನವಿಲ್ಲ, ಅದು ಹುಟ್ಟಿದಾಗ ಎಷ್ಟಿತ್ತು ಎಂಬುದು ಬೇಕು ಎಂದರು. ಅಮೃತ ತಾನು ಅಳೆದು ತಂದಿದ್ದ ಚೀಟಿ ಕೊಟ್ಟಳು. ಸರಳಿನ ದಪ್ಪ, ಅದು ಕೂರುವ ತೂತಿನ ಅಗಲ, ನಡುವೆ ಬಿಡಬೇಕಾದ ಕೂದಲೆಳೆಯಷ್ಟು ಜಾಗ. ಕಲ್ಯಾಣ ಆ ಚೀಟಿಯನ್ನು ಬಹಳ ಹೊತ್ತು ನೋಡಿದ.

"ನಾವು ಹೊಲ ಅಳಿಯುವಾಗ ನಾಕು ಬೆರಳು ಆಚೆ ಈಚೆ ಆದ್ರ ಅಣ್ಣತಮ್ಮರು ಕೊಡ್ಲಿ ಹಿಡೀತಾರ," ಎಂದ. "ಇದು ಅದಕ್ಕಿಂತ ಸೂಕ್ಷ್ಮ ಅದ."

ಅವಳಿಗೆ ನಗು ಬಂತು. ನಗಲಿಲ್ಲ.

ಮಸೂದ ಕಾಕಾ ಎರಡು ಬುಷ್ ಮಾಡಿದರು. ಒಂದು ಕೈಜಾರಿ ಬೀಳಲಿಕ್ಕೆ, ಒಂದು ಕೂಡಿಸಲಿಕ್ಕೆ ಎಂದು ಅವರೇ ಹೇಳಿದರು. ಸ್ಪ್ರಿಂಗನ್ನೂ ಹಳೆಯ ಡಬ್ಬಿಗಳಲ್ಲಿ ಹುಡುಕಿ ಹೊಂದಿಸಿಕೊಟ್ಟರು.

ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಎದುರಿನ ಹೋಟೆಲಿನಲ್ಲಿ ಚಹಾ ಹೇಳಿದ ಕಲ್ಯಾಣ. ಚಹಾ ಬಂದ ಮೇಲೆ ಕೇಳಿದ.

"ಈ ಕೆಲಸ ನಿಮಗ ತ್ರಾಸ ಅನಸಂಗಿಲ್ಲೇನ್ರಿ?"

ಅವನು ಸಹಜವಾಗಿಯೇ ಕೇಳಿದ್ದ. ಆದರೆ ಅವಳಿಗೆ ಎರಡು ವರ್ಷದ ಗಾಯಕ್ಕೆ ಉಪ್ಪು ಹಾಕಿದಂತಾಯಿತು.

"ನನಗ ಅನಸಂಗಿಲ್ಲ. ತ್ರಾಸ ಅನಿಸಿದವರು ದೂರ ಇದ್ರು. ಅದು ಚಲೋನ ಆತು."

ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಅವನು ತಬ್ಬಿಬ್ಬಾಗಿ ಎದ್ದು ನಿಂತ. ಅವಳು ನಾಲ್ಕು ಹೆಜ್ಜೆ ನಡೆದಿರಬೇಕು, ಹಿಂದಿನಿಂದ ಅವನ ದನಿ ಕೇಳಿತು, ತನಗೆ ತಾನೇ ಹೇಳಿಕೊಂಡಂತೆ.

"ಸಿಟ್ಟು ನನಗ ಬರಬೇಕಿತ್ತು..."

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ಮಾತು ಅವಳ ತಲೆಯಲ್ಲಿ ಸುತ್ತಿತು. 'ಅವನಿಗ್ಯಾಕ ಸಿಟ್ಟು? ಬ್ಯಾಡ ಅಂದಾವ ಅವನ ಅಲ್ಲೇನು?'

ಬುಧವಾರ ಕೂಡಿಸುವ ಕೆಲಸ.

ಆ ಬುಷ್ ಕೂಡಿಸಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಗೇರಿನ ಹಿಡಿಕೆಯನ್ನು ಅಳತೆಗೆ ಸರಿಯಾಗಿ ಎತ್ತಿ ಹಿಡಿಯಬೇಕು. ಇನ್ನೊಬ್ಬರು ಇಂಜಿನ್ ಮತ್ತು ಸ್ಟೇರಿಂಗ್ ಕಂಬದ ನಡುವಿನ ಸಂದಿಯಲ್ಲಿ ಒಂದೇ ಕೈ ಇಳಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ, ಬುಷ್ ಕೂಡಿಸಿ, ಸ್ಪ್ರಿಂಗ್ ಒತ್ತಿ, ಪಿನ್ ತೂರಿಸಬೇಕು. ಅಪ್ಪನ ಕೈ ನೆಟ್ಟಗಿದ್ದಾಗ ಹಿಡಿಕೆ ಹಿಡಿಯುತ್ತಿದ್ದವಳು ಅಮೃತ. ಈಗ ಸಂದಿಯಲ್ಲಿ ಇಳಿಯುವುದು ಅವಳ ಕೈ. ಹಿಡಿಕೆ ಹಿಡಿಯಲು ಕಲ್ಯಾಣನೇ ಕೂತ. ಬಾನೆಟ್ ಎತ್ತಿ ನಿಲ್ಲಿಸಿದ್ದರಿಂದ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಬೆಂಚಿನ ಮೇಲೆ ಚಂದಪ್ಪ ಕೂತಿದ್ದ. ಇಂಥ ಕೆಲಸ ನಡೆಯುವಾಗ ಮಾತಿನಿಂದಲೇ ದಾರಿ ತೋರಿಸುವವನು ಇವತ್ತು ತುಟಿ ಬಿಚ್ಚಲಿಲ್ಲ.

"ಮ್ಯಾಲ ಎತ್ರಿ. ಇನ್ನ ಒಂದು ನೂಲು... ಸಾಕು. ಹಂಗೇ ಹಿಡೀರಿ."

ಬುಷ್ ಕೂತಿತು. ಸ್ಪ್ರಿಂಗ್ ಒತ್ತಿದಳು. ಪಿನ್ನಿನ ತುದಿ ತೂತಿಗೆ ಮುಟ್ಟುವಷ್ಟರಲ್ಲಿ ಸ್ಪ್ರಿಂಗ್ ಬೆರಳಿನಿಂದ ಜಾರಿ ಚಿಮ್ಮಿತು. ಬುಷ್ ಎಲ್ಲೋ ಸಂದಿಗೆ ಬಿದ್ದು ಕಾಣದಾಯಿತು. ಮಸೂದ ಕಾಕಾ ಹೇಳಿದಂತೆಯೇ ಒಂದು ಹೋಯಿತು.

ಎರಡನೆಯದನ್ನು ತೆಗೆದುಕೊಂಡಳು. ಕೈ ಒಳಗಿಳಿಸಿದಳು. ಮುಖ ಕಾಣದಿದ್ದರೆ ಕೆಲವು ಮಾತು ಸುಲಭವಾಗುತ್ತವೆ.

"ನಿನ್ನೆ ಏನೋ ಅಂದ್ರಿ," ಎಂದಳು. "ಸಿಟ್ಟು ನಿಮಗ ಬರಬೇಕಿತ್ತು ಅಂತ."

ಆಚೆ ಸೀಟು ಕಿರುಗುಟ್ಟಿತು.

"ಬಿಡ್ರಿ. ಆಗಿ ಹೋದದ್ದದ."

"ಹೇಳ್ರಿ. ಹಿಡಿಕಿ ಮಾತ್ರ ಅಲುಗಾಡಸಬ್ಯಾಡ್ರಿ."

"ಹೊಲ ಹೊಲ ತಿರಗಾಡೋ ಸರ್ವೇಯರ್‌ನ ಒಲ್ಲೆ ಅಂದ್ರಿ ನೀವು. ನಿಮ್ಮ ಮನಸ್ಸು, ನಾ ಏನನ್ನಾಕೂ ಬರಂಗಿಲ್ಲ. ಆದ್ರ ಮಾಳಿಗಿ ಮ್ಯಾಲ ಹತ್ತು ನಿಮಿಷ ಮಾತಾಡಿದ್ವಲ್ಲ... ಅದರಾಗ ಹಂಗ ಅನಿಸಿರಲಿಲ್ಲ ನನಗ."

ಅಮೃತಳ ಕೈ ಒಳಗೆ ಹಾಗೇ ನಿಂತಿತು.

"ನಾ ಒಲ್ಲೆ ಅಂದೆ ಅಂತ ಯಾರು ಹೇಳಿದ್ರು?"

"ನಿಮ್ಮ ಅಪ್ಪಾರೇ. ಫೋನ್ ಮಾಡಿದ್ರು. ಅವ್ವ ನಮ್ಮ ಕಡಿಂದ ಹೂಂ ಅಂತ ಹೇಳಿ ಎರಡು ದಿನ ಆಗಿತ್ತು."

ಸ್ಪ್ರಿಂಗ್ ಮತ್ತೆ ಜಾರಿತು. ಬುಷ್ ಮಾತ್ರ ಅವಳ ಮುಷ್ಟಿಯಲ್ಲಿ ಉಳಿಯಿತು.

ಅವಳು ಕೈ ಹೊರಗೆ ತೆಗೆದಳು. ಮೊಣಕೈವರೆಗೂ ಕಪ್ಪಾಗಿತ್ತು. ಬಾನೆಟ್ಟಿನ ಈ ಕಡೆಯಿಂದ ಸುತ್ತಿ ಬಂದು ಬೆಂಚಿನ ಮುಂದೆ ನಿಂತಳು. ಚಂದಪ್ಪ ಮಗಳ ಮುಖ ನೋಡಲಿಲ್ಲ. ತನ್ನ ಬಿದ್ದುಹೋದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದ.

"ಅಪ್ಪಾ."

"ಹೌದವ್ವಾ," ಎಂದ ಅವನು. "ನಾನೇ. ಅವರಿಗೂ ಸುಳ್ಳು ಹೇಳಿದೆ, ನಿನಗೂ ಹೇಳಿದೆ."

ಯಾಕೆಂದು ಅವನೇ ಹೇಳಿದ. ಆಗಿನ್ನೂ ಎಡಗೈಯಿಂದ ತುತ್ತು ಎತ್ತುವುದನ್ನೂ ಕಲಿತಿರಲಿಲ್ಲವಂತೆ. ಅವಳು ಕೊಳಕೂರಿಗೆ ಹೋದರೆ ಗ್ಯಾರೇಜಿಗೆ ಬೀಗ ಬೀಳುತ್ತದೆ, ತಾನು ಹಾಸಿಗೆಯ ಮೇಲೆ ಬಿದ್ದ ಗಂಟಾಗುತ್ತೇನೆ ಎಂದು ಅಂಜಿಕೆಯಾಯಿತಂತೆ. ಒಂದು ವರ್ಷ ಹೋಗಲಿ, ಇದಕ್ಕಿಂತ ಒಳ್ಳೆಯ ಸಂಬಂಧ ತರುತ್ತೇನೆ ಅಂದುಕೊಂಡಿದ್ದನಂತೆ. ಆದರೆ ಬಂದವರನ್ನೆಲ್ಲ ಅವಳೇ ಬೇಡ ಅನ್ನತೊಡಗಿದಾಗ ನಿಜ ಹೇಳಲು ಬಾಯಿ ಬರಲಿಲ್ಲವಂತೆ.

ಕಲ್ಯಾಣ ಸೀಟಿನಿಂದ ಇಳಿಯಲಿಲ್ಲ. ಹಿಡಿಕೆಯನ್ನೂ ಬಿಟ್ಟಿರಲಿಲ್ಲ.

"ಎರಡು ವರ್ಷ," ಎಂದಳು ಅಮೃತ. ದನಿ ಏರಿಸಲಿಲ್ಲ. "ದಿನಾ ನನ್ನ ಮುಂದ ಕೂತು ಚಹಾ ಕುಡದಿ ಅಪ್ಪಾ."

ಅವಳು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. ಅಳು ನೀರಿನ ಜೊತೆಗೇ ಹೋಯಿತು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಮೂಲೆಯಲ್ಲಿದ್ದ ಗೋಣಿಚೀಲದಿಂದ ಗಟ್ಟಿ ದಾರ ಎಳೆದಳು. ಸ್ಪ್ರಿಂಗನ್ನು ಇಕ್ಕಳದಲ್ಲಿ ಒತ್ತಿ ಕುಗ್ಗಿಸಿ, ಆ ದಾರದಿಂದ ಸುತ್ತಿ ಬಿಗಿಯಾಗಿ ಕಟ್ಟಿದಳು. ಇನ್ನು ಅದು ಚಿಮ್ಮಲಾರದು. ಬುಷ್ ಅತ್ತಿತ್ತ ಸರಿಯದಿರಲು ಗ್ರೀಸ್ ಹಚ್ಚಿದಳು.

"ಐತವಾರ ನಿಮ್ಮ ತಂಗಿ ಮದುವಿ ಅದ," ಎಂದಳು ಬಾನೆಟ್ಟಿನ ಈಚೆಯಿಂದ. "ಎತ್ತಿ ಹಿಡೀರಿ."

"ಹಿಡದೇನಿ."

ಬುಷ್ ಕೂತಿತು. ಕಟ್ಟಿದ ಸ್ಪ್ರಿಂಗ್ ಅದರ ಬೆನ್ನಿಗೆ ಕೂತಿತು. ಕಣ್ಣು ಮುಚ್ಚಿ ಬೆರಳ ತುದಿಯಿಂದಲೇ ತೂತು ಹುಡುಕಿದಳು. ಪಿನ್ ಒಳಗೆ ಹೋಯಿತು, ಅದರ ಕಾಲು ಬಾಗಿಸಿದಳು. ಬ್ಲೇಡಿನಿಂದ ದಾರ ಕೊಯ್ದಳು. ಸ್ಪ್ರಿಂಗ್ ಬಿಚ್ಚಿಕೊಂಡು ಬುಷ್ಷನ್ನು ಅದರ ಜಾಗಕ್ಕೆ ಒತ್ತಿ ನಿಲ್ಲಿಸಿತು.

ಗಾಡಿಯನ್ನು ಗಾಣಗಾಪುರದ ರಸ್ತೆಗೆ ಅವಳೇ ತೆಗೆದುಕೊಂಡು ಹೋದಳು. ಪಕ್ಕದಲ್ಲಿ ಕಲ್ಯಾಣ. ಒಂದು, ಎರಡು, ಮೂರು, ನಾಲ್ಕು. ಹಿಡಿಕೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ರಿವರ್ಸ್ ಹಾಕಿ ಗಾಡಿ ತಿರುಗಿಸಿದಳು.

"ಇವತ್ತು ನಾ ಏನೂ ಕೇಳಂಗಿಲ್ಲ," ಎಂದ ಅವನು, ಊರು ಹತ್ತಿರ ಬಂದಾಗ. "ನಿಮ್ಮ ಮನ್ಯಾಗ ಈಗ ಬೆಂಕಿ ಹತ್ತೇದ. ಅದು ಮೊದಲ ಆರಲಿ. ಐತವಾರ ಮದುವಿಗೆ ಬರ್ರಿ. ಗ್ಯಾರೇಜಿನವರಂತ ಅಲ್ಲ."

ಅವಳು ಗಾಡಿ ಅವನಿಗೆ ಒಪ್ಪಿಸಿ, ಹಿಡಿಕೆಯನ್ನು ದಬಾಯಿಸದೆ ಹಗುರ ಹಾಕಬೇಕೆಂದು ಹೇಳಿ ಕಳಿಸಿದಳು.

ಮನೆಯಲ್ಲಿ ಬೆಂಕಿ ನಿಜಕ್ಕೂ ಹತ್ತಿತ್ತು. ಅಮೃತಳ ತಾಯಿ ಸಾಬಮ್ಮನಿಗೆ ಇದುವರೆಗೆ ಏನೂ ಗೊತ್ತಿರಲಿಲ್ಲ. ಗೊತ್ತಾದ ದಿನ ಅವಳು ಗಂಡನ ಮುಂದೆ ರೊಟ್ಟಿಯ ತಾಟು ಇಟ್ಟು ಒಂದೇ ಮಾತು ಹೇಳಿದಳು.

"ನಿನ್ನ ಕೈ ಹೋತು ಅಂತ ಮಗಳ ಬಾಳನ್ನೂ ಕಟ್ಟಿ ಹಾಕಿದಿ."

ಚಂದಪ್ಪ ತಾಟಿನಿಂದ ಕೈ ಹಿಂದಕ್ಕೆ ತೆಗೆದ. ಗುರುವಾರ, ಶುಕ್ರವಾರ, ಶನಿವಾರ, ಮೂವರೂ ಒಂದೇ ಸೂರಿನಡಿ ಇದ್ದರು, ಮಾತು ಮಾತ್ರ ಬೇಕಾದಷ್ಟೇ. ಅಮೃತ ಅಪ್ಪನ ಗುಳಿಗೆ ಕೊಡುವುದನ್ನು ಬಿಡಲಿಲ್ಲ, ಅಂಗಿಯ ಗುಂಡಿ ಹಾಕುವುದನ್ನೂ ಬಿಡಲಿಲ್ಲ. ಮುಖ ಮಾತ್ರ ನೋಡುತ್ತಿರಲಿಲ್ಲ.

ಅವಳೊಳಗೆ ಎರಡು ಮನಸ್ಸು. 'ಹೋದ್ರ ನಾನೇ ಮ್ಯಾಲ ಬಿದ್ದು ಹೋದಂಗ... ಹೋಗದಿದ್ರ ಮತ್ತ ಎರಡು ವರ್ಷ...'

ಐತವಾರ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಹುಲೆಪ್ಪ ಹೇಳಿದ, ಮೊದಲನೇ ಬಸ್ಸಿಗೆ ಹೋದನಂತೆ, ಜೇವರ್ಗಿ ಕಡೆ ಅಂದನಂತೆ. ಅಂಗಿಯ ಗುಂಡಿ ಹುಲೆಪ್ಪನೇ ಹಾಕಿಕೊಟ್ಟನಂತೆ.

ಲಕ್ವಾ ಹೊಡೆದ ಮೇಲೆ ಅಪ್ಪ ಒಬ್ಬನೇ ಬಸ್ ಹತ್ತಿದ್ದು ಅದೇ ಮೊದಲು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಸಾಬಮ್ಮ ಹಸಿರು ಇಲಕಲ್ ಸೀರೆ ಉಟ್ಟಳು. ಅಮೃತಳಿಗೂ ಒಂದು ಸೀರೆ ತೆಗೆದಿಟ್ಟಳು. ಇಬ್ಬರೂ ಮುಂದಿನ ಬಸ್ ಹಿಡಿದರು.

ಕೊಳಕೂರು ತಲುಪುವ ಹೊತ್ತಿಗೆ ಅಕ್ಕಿಕಾಳು ಬಿದ್ದು ಮದುವೆ ಮುಗಿದು ಊಟ ನಡೆದಿತ್ತು. ಪೆಂಡಾಲಿನಲ್ಲಿ ಮೊದಲ ಸಾಲಿನಲ್ಲೇ ಚಂದಪ್ಪ ಕೂತಿದ್ದ. ನಿಂಬೆವ್ವ ತಾನೇ ನಿಂತು ಅವನ ಎಲೆಗೆ ಹುಗ್ಗಿ ಬಡಿಸುತ್ತಿದ್ದಳು.

ನಿಂಬೆವ್ವ ಅಮೃತಳನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದಳು. ಅಪ್ಪ ಬೆಳಿಗ್ಗೆ ಬಂದಾಗ ಅಂಗಳದ ತುಂಬ ಬೀಗರು, ಹೆಣ್ಣುಮಕ್ಕಳು. ಎಲ್ಲರ ನಡುವೆ ನಿಂತು ಕೈ ಮುಗಿಯಲು ಹೋದನಂತೆ. ಬಲಗೈ ಏಳಲಿಲ್ಲ. ಎಡಗೈ ಒಂದನ್ನೇ ಹಣೆಗೆ ಹಚ್ಚಿ, ನಿಮ್ಮ ಮಗನಿಗೂ ನನ್ನ ಮಗಳಿಗೂ ನಾನು ಸುಳ್ಳು ಹೇಳಿದ್ದೇನೆ, ತಪ್ಪು ನಂದು, ಹುಡುಗಿಯದಲ್ಲ ಎಂದನಂತೆ.

"ನನಗ ಸಿಟ್ಟು ಬಂದಿತ್ತವ್ವಾ, ಸುಳ್ಳ್ಯಾಕ ಹೇಳಲಿ," ಎಂದಳು ನಿಂಬೆವ್ವ. "ಎರಡು ವರ್ಷ ನನ್ನ ಮಗ ಯಾರ ಮನಿಗೂ ಹೆಣ್ಣು ನೋಡಾಕ ಬರಲಿಲ್ಲ. ಆದ್ರ ಆ ಒಂದು ಕೈ ನೋಡಿ ಬಯ್ಯಾಕ ಬಾಯಿ ಬರಲಿಲ್ಲ. ಮೊದಲ ಚುರಮುರಿ ಸುಸಲಾ ತಿನ್ರಿ ಅಂದೆ. ಉಳದದ್ದು ನಿನ್ನ ಬಾಯಿಂದ ಕೇಳಬೇಕಾಗೇದ."

ಅಮೃತ ಅಪ್ಪನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು. ಅವನು ಎಡಗೈಯಿಂದ ಹುಗ್ಗಿ ಎತ್ತಲು ಒದ್ದಾಡುತ್ತಿದ್ದ.

"ಸಿಟ್ಟು ಹೋಗಿಲ್ಲ ನಂದು," ಎಂದಳು.

"ಗೊತ್ತದ."

"ಒಬ್ಬನ ಬಂದಿಯಲ್ಲ, ಬಸ್ಸಿನ್ಯಾಗ ಬಿದ್ದಿದ್ರ?"

"ಬೀಳಲಿಲ್ಲ." ಅವನು ಎಲೆ ನೋಡುತ್ತಲೇ ಹೇಳಿದ. "ಗ್ಯಾರೇಜ್ ನಿಂದವ್ವಾ. ನೀ ಬಾಗಲಾ ತೆಗೆದ್ರೂ ನಿಂದು, ಹಾಕಿದ್ರೂ ನಿಂದು. ನನ್ನ ನೆವ ಮಾಡಬ್ಯಾಡ."

ಅವಳು ಅವನ ಎಲೆಯಿಂದ ಹುಗ್ಗಿಯನ್ನು ಚಮಚೆಗೆ ತೆಗೆದು ಕೈಗೆ ಕೊಟ್ಟಳು. ನಾಲ್ಕು ದಿನದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

ಮೂರು ಗಂಟೆಗೆ ಮದುಮಗಳನ್ನು ಕಳಿಸುವ ಹೊತ್ತು. ಸೀಮಾ ಅತ್ತು ಅತ್ತು ಕೆಂಪಾಗಿ, ಗಂಡನ ಜೊತೆ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ಗಂಡನ ಊರು ಆಳಂದ ತಾಲೂಕಿನ ಮಾದನಹಿಪ್ಪರಗಾ. ದೂರದ ದಾರಿ. ಕಲ್ಯಾಣ ಗಾಡಿ ಒರೆಸುವ ನೆಪದಲ್ಲಿ ಎರಡು ಸುತ್ತು ಬಂದು, ಕೊನೆಗೆ ಅಮೃತಳ ಮುಂದೆ ನಿಂತ. ಮದುವೆಯ ಓಡಾಟದಲ್ಲಿ ಅಂಗಿ ಬೆವರಿನಿಂದ ತೋಯ್ದಿತ್ತು.

"ನೀವೂ ಮಾದನಹಿಪ್ಪರಗಾ ತನಕ ಬರ್ತೀರೇನು? ನಡುವ ಎಲ್ಲ್ಯಾರ ಗೇರ್ ಸಿಕ್ಕೊಂಡ್ರ..."

"ಸಿಕ್ಕೊಳ್ಳಂಗಿಲ್ಲ. ನಾ ಕೂಡಿಸಿದ್ದದು."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಹಂಗಾದ್ರ ಖರೆ ಹೇಳ್ತೇನಿ," ಎಂದ. "ಗೇರಿನ ಸಲುವಾಗಿ ಅಲ್ಲ. ನಿಮ್ಮ ಜೋಡಿ ಮಾತಾಡಬೇಕಾಗೇದ. ಇವತ್ತೊಂದು ದಿನ ಅಲ್ಲ... ದಿನಾ. ಮಾಳಿಗಿ ಮ್ಯಾಲ ಹತ್ತು ನಿಮಿಷ ಮಾತಾಡಿದ್ದು, ಎರಡು ವರ್ಷ ಅದನ್ನೇ ನೆನಸಾಕತ್ತೇನಿ. ನನ್ನ ಮದುವಿ ಆಗ್ತೀರೇನು?"

ಅಮೃತಳ ಕಿವಿಯವರೆಗೂ ರಕ್ತ ಏರಿತು. ಆದರೂ ಹೇಳಬೇಕಾದದ್ದನ್ನು ಮೊದಲು ಹೇಳಿದಳು.

"ನಾ ಗ್ಯಾರೇಜ್ ಬಿಡಂಗಿಲ್ಲ."

"ಬಿಡ್ರಿ ಅಂತ ಯಾರಂದಾರ? ಅಫಜಲಪುರದಾಗೂ ಹೊಲ ಅದಾವ. ನಾ ಅಲ್ಲೇ ಬಂದು ಅಳೀತೇನಿ."

ಹಿಂದಿನ ಸೀಟಿನಿಂದ ಸೀಮಾ ಅಳು ಮರೆತು ತಲೆ ಹೊರಗೆ ಹಾಕಿದಳು. "ಅಣ್ಣಾ, ಅಲ್ಲಿಗೆ ಹೊಲ ಅಳಿಯಾಕ ಹೊಂಟೀಯೋ, ಅಳಿಯ ಆಗಾಕ ಹೊಂಟೀಯೋ?"

ಸುತ್ತ ನಿಂತವರೆಲ್ಲ ನಕ್ಕರು. ಸಾಬಮ್ಮ ಏನೂ ಕೇಳಿಸದವಳಂತೆ ಹಿಂದಿನ ಬಾಗಿಲು ತೆಗೆದು ಮದುಮಗಳ ಪಕ್ಕ ಹತ್ತಿ ಕೂತಳು. ಚಂದಪ್ಪನನ್ನು ನಾಳೆ ತಾನೇ ಜೊತೆ ಮಾಡಿ ಕಳಿಸುವುದಾಗಿ ನಿಂಬೆವ್ವ ಹೇಳಿದಳು.

ಕಲ್ಯಾಣ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಅಮೃತ ನಿಂಬೆವ್ವನ ಕಡೆ ನೋಡಿದಳು, ಬಗ್ಗಿ ಅವಳ ಕಾಲು ಮುಟ್ಟಿದಳು. ನಿಂಬೆವ್ವನಿಗೆ ಕೇಳಬೇಕಾದದ್ದು ಕೇಳಿದಂತಾಯಿತು. ಅವಳ ತಲೆಯ ಮೇಲೆ ಕೈ ಇಟ್ಟಳು.

ಅವನು ಮುಂದಿನ ಬಾಗಿಲು ತೆಗೆದು, ಬೀಗದ ಕೈಯನ್ನು ಅವಳ ಕಡೆ ಚಾಚಿದ.

"ನೀವೇ ನಡಸ್ತೀರೇನು?"

"ಇಲ್ರಿ. ನೀವು ನಡಸ್ರಿ. ನಾ ನೋಡ್ಕೋತ ಕೂಡ್ತೇನಿ."

"ರಸ್ತಾ?"

"ಅಲ್ಲ," ಎಂದಳು ಅಮೃತ, ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತ. "ರಸ್ತಾ ನೀವು ನೋಡ್ರಿ."